ನಲವತ್ತೆಂಟು ಗೂಡುಗಳ ಕಿಟಕಿ

ದಾನಮ್ಮಳಿಗೆ ಪ್ರೋಗ್ರಾಮ್ ಬರೆಯಲು ಬರುತ್ತಿರಲಿಲ್ಲ. ಕರಿಮಡ್ಡಿಯ ಬೀಜಕೋಠಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅದು ನಾಚಿಕೆಯ ವಿಷಯವೂ ಆಗಿರಲಿಲ್ಲ. ಬೇಕಾದ್ದನ್ನು ಬಾಯಲ್ಲಿ ಹೇಳಿದರೆ ಯಂತ್ರವೇ ಪ್ರೋಗ್ರಾಮ್ ಬರೆದುಕೊಂಡು, ಕೆಲಸ ಮುಗಿಸಿ, ಅಳಿಸಿಹಾಕುವ ಕಾಲ ಬಂದು ಇಪ್ಪತ್ತು ವರ್ಷವಾಗಿತ್ತು. ನಲ್ಲಿ ನೀರು ಕುಡಿಯುವವರು ತಮಗೆ ಬಾವಿ ತೋಡಲು ಬರುವುದಿಲ್ಲ ಎಂದು ಕೊರಗುವುದಿಲ್ಲ.

ಆ ವರ್ಷ ಜೂನ್ ತಿಂಗಳಲ್ಲಿ ನಲ್ಲಿ ನಿಂತಿತು. ಹತ್ತು ವರ್ಷಕ್ಕಿಂತ ಹಳೆಯ ಉಪಕರಣಗಳಿಗೆ ಇನ್ನು ಮುಂದೆ ಧ್ವನಿ ಸೇವೆ ಇಲ್ಲ ಎಂದು ಎರಡು ಸಾಲಿನ ಸೂಚನೆ ಬಂತು. ಕೋಠಿಯ ನಿಯಂತ್ರಣ ಪೆಟ್ಟಿಗೆಗೆ ಹದಿನಾಲ್ಕು ವರ್ಷ. ಹೊಸ ಪೆಟ್ಟಿಗೆ ಬರಲು ಹನ್ನೊಂದು ತಿಂಗಳು ಬೇಕು ಎಂದರು. ಸೇವೆಯ ಜೊತೆಗೆ ಅದು ಇಟ್ಟುಕೊಂಡಿದ್ದ ದಾಖಲೆಗಳೂ ಹೋದವು. ಯಾವ ಗೂಡಿನಲ್ಲಿ ಯಾವ ತಳಿ ಇದೆ ಎಂಬ ಪಟ್ಟಿ ಅದರಲ್ಲಿತ್ತು.

ಕೋಠಿಯಲ್ಲಿದ್ದದ್ದು ಜೋಳ. ಒಂಬತ್ತು ವರ್ಷದ ಹಿಂದೆ ಹೊಸ ಬಗೆಯ ಕಾಡಿಗೆ ರೋಗ ಬಂದು ಎರಡೇ ಹಂಗಾಮಿನಲ್ಲಿ ಬಯಲುಸೀಮೆಯ ಜೋಳವನ್ನೆಲ್ಲ ಮುಗಿಸಿತ್ತು. ಆ ಹೊತ್ತಿಗೆ ಹೊಲಗಳಲ್ಲಿ ಇದ್ದದ್ದೇ ನಾಲ್ಕು ಕಂಪನಿ ತಳಿ. ಒಂದಕ್ಕೆ ಬಂದದ್ದು ನಾಲ್ಕಕ್ಕೂ ಬಂತು. ಅದರಿಂದ ಜನರೇನೂ ಸಾಯಲಿಲ್ಲ. ಗೋಧಿ ತಿಂದರು, ಮೆಕ್ಕೆಜೋಳ ತಿಂದರು, ನಾಲಗೆಯನ್ನು ಒಗ್ಗಿಸಿಕೊಂಡರು. ದಾನಮ್ಮಳ ತಾಯಿ ಗಂಗವ್ವನ ಖಾನಾವಳಿಯಲ್ಲಿ ಮೊದಲು ಹನ್ನೆರಡು ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಈಗ ಮೂವರು. ಮೆಕ್ಕೆಜೋಳದ ರೊಟ್ಟಿ ಹೆಂಚಿಗೆ ಹಾಕುವ ಮೊದಲೇ ಅಂಚಿನಲ್ಲಿ ಬಿರಿಯುತ್ತಿತ್ತು.

ರೋಗಕ್ಕೆ ಬಗ್ಗದ ಜೋಳ ಎಲ್ಲಾದರೂ ಇದ್ದರೆ ಅದು ಹಳೆಯ ತಳಿಗಳಲ್ಲಿ ಇರಬೇಕು ಎಂದು ಕೋಠಿಯ ಮುಖ್ಯಸ್ಥೆ ಡಾ. ಇಂದುಮತಿ ಸವದಿ ನಂಬಿದ್ದರು. ಆ ತಳಿಗಳು ಸಿಕ್ಕಿದ್ದು ಮೌಲಾಸಾಬ ನದಾಫನ ಮನೆಯ ಅಟ್ಟದಲ್ಲಿ. ಆತ ಸಂತೆಯಲ್ಲಿ ಕಾಳು ಅಳೆಯುತ್ತಿದ್ದವನು. ಚೀಲ ಅಳೆದು ಮುಗಿದ ಮೇಲೆ ಅಳೆದವನಿಗೆ ಒಂದು ಹಿಡಿ ಕಾಳು ಸಲ್ಲುವುದು ಅಲ್ಲಿನ ರೂಢಿ. ಉಳಿದವರು ಅದನ್ನು ಬೀಸಿ ತಿಂದರು. ಈತ ಕಂಡಿರದ ಕಾಳು ಕಂಡಾಗಲೆಲ್ಲ ಬೂದಿ ಬೆರೆಸಿ ಬಾಟಲಿಯಲ್ಲಿ ತುಂಬಿಟ್ಟ. ಮೂವತ್ತು ವರ್ಷದಲ್ಲಿ ನಲವತ್ತೆಂಟು ಬಾಟಲಿಯಾದವು. ಯಾಕೆ ಇಟ್ಟೆ ಎಂದು ಕೇಳಿದರೆ, "ಛಂದ ಕಂಡ್ವು, ಇಟ್ಟೆ" ಎನ್ನುತ್ತಿದ್ದ.

ಅಷ್ಟು ಹಳೆಯ ಬೀಜವನ್ನು ನೀರಲ್ಲಿ ನೆನೆಹಾಕಿದರೆ ಒಡೆದು ಕೊಳೆಯುತ್ತದೆ. ಅದಕ್ಕೇ ಎಬ್ಬಿಸುವ ಕೋಣೆ. ಉಕ್ಕಿನ ಬಾಗಿಲಿನ ಹಿಂದೆ, ಕತ್ತಲಲ್ಲಿ, ಅಂಗೈಯಗಲದ ಗೂಡುಗಳು. ಗೂಡಿಗೊಂದು ತಳಿ, ಬಾಟಲಿಯಲ್ಲಿ ಕೆಡದೆ ಉಳಿದಿದ್ದ ಇನ್ನೂರು ಕಾಳು. ಪ್ರತಿ ಗೂಡಿಗೂ ಒಂದು ಸಣ್ಣ ಕವಾಟದಿಂದ ಉಗುರುಬೆಚ್ಚಗಿನ ಹಬೆ. ಒಣ ಬೀಜ ಉಸಿರಾಡುವುದು ಯಾವ ಯಂತ್ರಕ್ಕೂ ಗೊತ್ತಾಗುವುದಿಲ್ಲ. ತೇವ ತಾಗಿದ ಮೇಲೆ ಉಸಿರು ಏಳುತ್ತದೆ, ಗೂಡಿನ ತಳದ ತಗಡು ಅದನ್ನು ಅಳೆಯುತ್ತದೆ. ಉಸಿರು ನೋಡಿಕೊಂಡು ಹಬೆ ಬಿಡಬೇಕು. ಹೆಚ್ಚಾದರೆ ಬೀಜ ಮುಳುಗುತ್ತದೆ. ಅರ್ಧಕ್ಕೆ ನಿಂತರೆ ಅರ್ಧಕ್ಕೇ ಸಾಯುತ್ತದೆ. ಹದಿನೆಂಟು ದಿನದ ಕೆಲಸ. ಒಂದು ಕಾಳನ್ನು ಎಬ್ಬಿಸಲು ಒಂದೇ ಅವಕಾಶ.

"ಹನ್ನೊಂದ ತಿಂಗಳ ಕಾಯಾಕ ಆಗೂದಿಲ್ಲ" ಎಂದರು ಡಾಕ್ಟರು. "ಕಾಳು ಕಾಯೂ ತಂಪಿನ ಯಂತ್ರ ಕೆಟ್ಟು ಎರಡ ತಿಂಗಳಾತು. ಈ ಹಿಂಗಾರಿಗೆ ಎಬ್ಬಿಸ್ಲಿಲ್ಲ ಅಂದ್ರ ಮುಂದಿನ ವರ್ಷ ಎಬ್ಬಿಸಾಕ ಏನೂ ಉಳಿಯೂದಿಲ್ಲ. ಪೆಟ್ಟಿಗಿಗೆ ಕೇಬಲ್ ಹಚ್ಚಿ ನಾವ ಅಂಕಿ ಕಳಿಸಿದ್ರ ಕೇಳತೈತೇನು?"

"ಕೇಳತೈತ್ರಿ ಮೇಡಮ್. ಗೂಡಿನ ನಂಬರು, ಹಬಿ ಎಷ್ಟು, ಎರಡ ಅಂಕಿ ಕಳಿಸಿದ್ರ ಸಾಕು. ನಾ ಕಳಿಸಿ ನೋಡೀನಿ" ಎಂದಳು ದಾನಮ್ಮ. ಯಂತ್ರ ಒರೆಸುವುದು, ತಿರುಪು ಬಿಗಿಯುವುದು, ಕೇಬಲ್ ಬದಲಿಸುವುದು ಅವಳ ಕೆಲಸ. ವಯಸ್ಸು ಇಪ್ಪತ್ತಮೂರು.

"ಮತ್ತೇನ ತ್ರಾಸು?"

"ನಲವತ್ತೆಂಟು ಗೂಡು, ಐದೈದು ನಿಮಿಷಕ್ಕ ಒಮ್ಮೆ ಲೆಕ್ಕಾ, ಹದಿನೆಂಟು ದಿನ. ಬರೇ ಅಂಕಿ ಹೊಡಕೋಂತ ಕುಂತ್ರ ತಪ್ಪತೈತಿ. ಎಲ್ಲಾ ಒಂದ ಪರದೆ ಮ್ಯಾಲ ಕಾಣಬೇಕು. ಮೌಲಾಕಾಕಾನೂ ನೋಡಿ ಒತ್ತೂ ಹಂಗ ಇರಬೇಕು."

"ಅಂಥಾದ್ದು ಮಾಡೂದು ಹೆಂಗ?"

"ಮೊದಲಿನ ಮಂದಿ ಮಾಡತಿದ್ರಂತ್ರಿ. ಕಲೀತೀನಿ."

ಅವಳು ಇದ್ದು ಓದಿದ ಹಾಸ್ಟೆಲಿನ ಗ್ರಂಥಾಲಯದಲ್ಲಿ ಅಂಥದ್ದೊಂದು ಪುಸ್ತಕವಿತ್ತು. ಆರುನೂರು ಪುಟ, ರಟ್ಟು ಹರಿದಿತ್ತು, ಕೊನೆಯ ಸಲ ಎರವಲು ಹೋಗಿ ಹತ್ತೊಂಬತ್ತು ವರ್ಷವಾಗಿತ್ತು. ಕಂಪ್ಯೂಟರಿನ ಪರದೆಯ ಮೇಲೆ ಕಿಟಕಿ ಕಟ್ಟುವ ವಿದ್ಯೆ ಅದರಲ್ಲಿತ್ತು. ಎಲ್ಲವನ್ನೂ ಮೊದಲಿನಿಂದ ಮಾಡಬೇಕಿಲ್ಲ. ಬಟನ್, ಪಟ್ಟಿ, ಅಕ್ಷರ ತುಂಬುವ ಡಬ್ಬಿ ಎಲ್ಲವನ್ನೂ ಫ್ರೇಮ್‌ವರ್ಕ್ ಎಂಬ ಸರಂಜಾಮು ಸಿದ್ಧ ಮಾಡಿ ಕೊಡುತ್ತದೆ. ಜೋಡಿಸುವುದು ನಮ್ಮ ಕೆಲಸ. ಸರಂಜಾಮು ಪುಸ್ತಕದ ಹಿಂದಿನ ಲಕೋಟೆಯಲ್ಲಿ, ಬೆರಳುದ್ದದ ಡ್ರೈವ್‌ನಲ್ಲಿತ್ತು. ಕೋಠಿಯ ಹಳೆಯ ಕಂಪ್ಯೂಟರ್ ಅದನ್ನು ಓದಿತು. ಅದೊಂದು ಅದೃಷ್ಟ.

ಮೊದಲ ದಿನ ಆರು ಸಾಲು ಬರೆದು ಓಡಿಸಿದಳು. ಬೂದು ಬಣ್ಣದ ಚೌಕವೊಂದು ಫಕ್ಕನೆ ಕಾಣಿಸಿ ಮಾಯವಾಯಿತು. ಮತ್ತೆ ಓಡಿಸಿದಳು, ಮತ್ತೆ ಮಾಯ.

ಪಕ್ಕದ ಸ್ಟೂಲಿನ ಮೇಲೆ ಮೌಲಾಸಾಬ ಕೂತಿದ್ದ. ಎಪ್ಪತ್ತೊಂದು ವರ್ಷ, ಕೆಲಸವಿಲ್ಲ, ತನ್ನ ಕಾಳು ಇಲ್ಲಿದೆ ಎಂಬ ಕಾರಣಕ್ಕೆ ದಿನವೂ ಬರುತ್ತಿದ್ದ. "ಏನವಾ, ನಿನ್ನ ಕಿಟಕಿಗೆ ನಾಚಿಕಿ ಭಾಳ ಕಾಣಸ್ತೈತಿ" ಎಂದ.

"ಸುಮ್ನ ಕುಂಡ್ರರಿ ಕಾಕಾ."

ಕಾರಣ ಪುಸ್ತಕದ ನಲವತ್ತೊಂದನೆಯ ಪುಟದಲ್ಲಿತ್ತು. ಕಿಟಕಿಯನ್ನು ತೋರಿಸು ಎಂದರೆ ಅದು ತೋರಿಸುತ್ತದೆ. ಆಮೇಲೆ ಹೇಳಿದ್ದೇನೂ ಉಳಿದಿಲ್ಲವೆಂದು ಪ್ರೋಗ್ರಾಮ್ ಮುಗಿದುಹೋಗುತ್ತದೆ. ಕಾಯುತ್ತ ಕೂರು ಎಂದು ಕೊನೆಯಲ್ಲಿ ಬೇರೆಯಾಗಿ ಹೇಳಬೇಕು. ಯಾರಾದರೂ ಏನಾದರೂ ಒತ್ತಿದರೋ, ಮೌಸ್ ಸರಿಸಿದರೋ, ಗಡಿಯಾರ ಮುಂದೆ ಹೋಯಿತೋ ಎಂದು ಅದು ಸುತ್ತುತ್ತ ನೋಡಿಕೊಂಡಿರುತ್ತದೆ. ಏಳನೆಯ ಸಾಲು ಬರೆದಳು. ಕಿಟಕಿ ನಿಂತಿತು. ಅದರಲ್ಲಿ ಏನೂ ಇರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡಿದರು.

ಮರುದಿನ ಬಟನ್ ಬಂತು. ಒತ್ತಿದರೆ ಒಳಕ್ಕೆ ಹೋಗಿ ಹೊರಕ್ಕೆ ಬರುತ್ತಿತ್ತು, ಅಷ್ಟೇ. ಒತ್ತಿದ್ದಕ್ಕೂ ಆಗಬೇಕಾದ ಕೆಲಸಕ್ಕೂ ಗಂಟು ಹಾಕಬೇಕು ಎಂದು ಮೂರನೆಯ ದಿನ ತಿಳಿಯಿತು. ಗಂಟು ಹಾಕಿದಳು. 'ತೇವ' ಎಂಬ ಬಟನ್ ಒತ್ತಿದಾಗ ಉಕ್ಕಿನ ಬಾಗಿಲಿನಾಚೆ ಖಾಲಿ ಕವಾಟವೊಂದು ಟಕ್ ಎಂದಿತು. ಹಬೆಯ ಕೊಳಾಯಿಯನ್ನು ಇನ್ನೂ ಜೋಡಿಸಿರಲಿಲ್ಲ. ದಾನಮ್ಮ ಹನ್ನೊಂದು ಸಲ ಒತ್ತಿದಳು.

"ಸಾಕಬಿಡವಾ, ಸವೀತೈತಿ" ಎಂದ ಮೌಲಾಸಾಬ. ಆಮೇಲೆ, "ಎಲ್ಲಿ, ನಾ ಒಂದ್ ಸಲ ಒತ್ತತೀನಿ" ಎಂದ.

ಜುಲೈ ಪೂರ್ತಿ ಒಂದು ವಿಚಿತ್ರ ಕಾಟ ಕೊಟ್ಟಿತು. ಒಂದು ಗೂಡಿಗೆ ಕಿಟಕಿ ಚೆನ್ನಾಗಿ ನಡೆಯುತ್ತಿತ್ತು. ಎಲ್ಲ ಗೂಡುಗಳ ಉಸಿರು ಓದಲು ಹಚ್ಚಿದರೆ ಕಿಟಕಿ ಹೆಪ್ಪುಗಟ್ಟುತ್ತಿತ್ತು. ಒತ್ತಿದರೆ ಕೇಳದು, ಎಳೆದರೆ ಸರಿಯದು, ಮುಚ್ಚಲೂ ಬಿಡದು. ಎರಡು ನಿಮಿಷದ ನಂತರ ಏನೂ ಆಗಿಲ್ಲವೆಂಬಂತೆ ಏಳುತ್ತಿತ್ತು. ಪುಸ್ತಕದ ಆ ಅಧ್ಯಾಯವನ್ನು ಅವಳು ಮೂರು ಸಲ ಓದಿದಳು. ಅರ್ಥವಾಗಲಿಲ್ಲ.

ಅರ್ಥವಾದದ್ದು ಖಾನಾವಳಿಯಲ್ಲಿ, ಒಂದು ಮಧ್ಯಾಹ್ನ. ದುಡ್ಡಿನ ಗಲ್ಲೆಯಲ್ಲಿ ಕೂರುವ ಗಂಗವ್ವ, ರೊಟ್ಟಿ ಬಡಿಯುವ ಒಬ್ಬಳು ಬಂದಿರಲಿಲ್ಲವೆಂದು ತಾನೇ ಒಳಗೆ ಹೋಗಿ ಹೆಂಚಿನ ಮುಂದೆ ಕೂತಿದ್ದಳು. ಹೊರಗೆ ಒಂಬತ್ತು ಜನ ನಿಂತಿದ್ದರು. ನೀರು ಕೇಳುವವರು, ಪಲ್ಯ ಕೇಳುವವರು, ಎದ್ದು ಹೋಗುವವರು.

"ಯವ್ವಾ, ಹೊರಗ ಮಂದಿ ಒದರಾಕತ್ತಾರ!"

"ಒದರಲಿ. ನನಗ ಎರಡ ಕೈ ಅದಾವೋ ನಾಕ ಅದಾವೋ? ರೊಟ್ಟಿ ಮಾಡಾಕ ಕುಂತ್ರ ಗಲ್ಲೆ ಯಾರ ನೋಡ್ಬೇಕು?"

ದಾನಮ್ಮ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಳು. ಕಿಟಕಿ ಅಂದರೆ ಗಲ್ಲೆ. ಗಲ್ಲೆಯಲ್ಲಿರುವವಳು ಹೇಳಿದ್ದನ್ನು ಒಳಗೆ ಕೂಗಿ ಹೇಳಿ ತನ್ನ ಜಾಗದಲ್ಲೇ ಇರಬೇಕು. ಹೊತ್ತು ಹಿಡಿಯುವ ಕೆಲಸ ಒಳಗಿನವರದು. ತಾನು ಬಟನ್ನಿನ ಕೆಲಸದಲ್ಲೇ ನಲವತ್ತೆಂಟು ಗೂಡು ಓದಲು ಹೇಳಿದ್ದಳು. ಗಲ್ಲೆಯವಳನ್ನೇ ರೊಟ್ಟಿಗೆ ಕೂರಿಸಿದ್ದಳು.

"ತಾಟ ಹಿಡಕೊಂಡ ಹುಚ್ಚಿ ಹಂಗ ನಿಂತೀಯಲ್ಲ, ನೀಡು ಹೋಗು" ಎಂದಳು ಗಂಗವ್ವ.

ಓದುವ ಕೆಲಸವನ್ನು ಕಿಟಕಿಯ ಪಕ್ಕದಲ್ಲೇ ಬೇರೆಯಾಗಿ ನಡೆಯುವ ಇನ್ನೊಂದು ಎಳೆಗೆ ಹಾಕಿದ ಮೇಲೆ ಕಿಟಕಿ ಒಮ್ಮೆಯೂ ಹೆಪ್ಪುಗಟ್ಟಲಿಲ್ಲ.

ಆಗಸ್ಟ್ ಮೊದಲ ವಾರ ಗೂಡುಗಳ ಪಟ್ಟಿ ಮಾಡಲು ಕೂತರು. ಪೆಟ್ಟಿಗೆಯ ಕೈಪಿಡಿ ಯಾರ ಬಳಿಯೂ ಇರಲಿಲ್ಲ. ಯಾವ ಯಾವ ನಂಬರಿಗೆ ಪೆಟ್ಟಿಗೆ ಓಗೊಡುತ್ತದೆ ಎಂದು ದಾನಮ್ಮ ಒಂದೊಂದೇ ಕಳಿಸಿ ನೋಡಿದ್ದಳು. ಸೊನ್ನೆಯಿಂದ ನಲವತ್ತೆಂಟರವರೆಗೆ ಓಗೊಟ್ಟಿತು. ಅಂದರೆ ನಲವತ್ತೊಂಬತ್ತು. ತಳಿಗಳು ನಲವತ್ತೆಂಟು. ಒಂದು ಗೂಡು ಖಾಲಿ ಇರಬೇಕು, ಯಾವುದು?

"ಕಾಕಾ, ಗೂಡು ತುಂಬಿದವರು ನೀವ ಅಲ್ಲೇನ್ರಿ? ಎಲ್ಲಿಂದ ಶುರು ಮಾಡಿದ್ರಿ?"

"ಲಾಭದಿಂದ. ಮತ್ತೆಲ್ಲಿಂದ ಶುರು ಮಾಡ್ತಾರ? ಲಾಭಕ್ಕ ಮುಗುತಿ ಜೋಳ. ಅದರ ಬಾಜೂಕ ಅಳ್ಳಿನ ಜೋಳ. ಆಮ್ಯಾಲ ಸೀತನಿ. ಹಂಗ ಸಾಲಾಗಿ ತುಂಬೀನಿ."

ನಲವತ್ತೆಂಟು ಹೆಸರನ್ನೂ ಆತ ಕಣ್ಣು ಮುಚ್ಚಿಕೊಂಡು ಹೇಳಿದ. ಎಲ್ಲಿಯೂ ತಡವರಿಸಲಿಲ್ಲ. ಪ್ರತಿ ಹೆಸರಿಗೂ ಸಿಪ್ಪೆ ಗಟ್ಟಿಯೋ ತೆಳುವೋ ಎಂಬುದನ್ನೂ ಹೇಳಿದ. ಆತನಿಗೆ ಅದು ಹಲ್ಲಿನಿಂದ ಗೊತ್ತಿತ್ತು. ಅದರ ಮೇಲೆ ಡಾಕ್ಟರು ಪ್ರತಿ ತಳಿಗೂ ಹಬೆಯ ಮಿತಿ ಬರೆದರು. ಗಟ್ಟಿ ಸಿಪ್ಪೆಗೆ ತೆಳು ಸಿಪ್ಪೆಯ ಮೂರು ಪಟ್ಟು.

ಅಂದು ಸಂಜೆ ದಾನಮ್ಮ ತಾಯಿಯನ್ನು ಕೇಳಿದಳು. "ಯವ್ವಾ, ಕಾಳ ಅಳಿಯೂವಾಗ ಲಾಭ ಅಂತಾರಲ್ಲ, ಅದೇನದು?"

"ಶುಭಾ ಆಗಲಿ ಅಂತ. ಮೊದಲ ಲಾಭ ಅಂತಾರ, ಆಮ್ಯಾಲ ಎಣಸ್ತಾರ" ಎಂದಳು ಗಂಗವ್ವ, ಹಿಟ್ಟು ನಾದುತ್ತ.

ದಾನಮ್ಮ ಹುಟ್ಟುವ ಹೊತ್ತಿಗೆ ಕಾಳು ಪ್ಯಾಕೆಟ್ಟಿನಲ್ಲಿ ಬರುತ್ತಿತ್ತು. ಸೇರು ಹಿಡಿದು ಅಳೆಯುವುದನ್ನು ಅವಳು ಕಂಡಿರಲಿಲ್ಲ. ಪ್ರೋಗ್ರಾಮಿನಲ್ಲಿ ಪಟ್ಟಿಯ ಮೊದಲನೆಯದಕ್ಕೆ ಸೊನ್ನೆ ಎಂಬ ನಂಬರು, ಎಣಿಕೆ ಆಮೇಲೆ. ಪೆಟ್ಟಿಗೆಯೂ ಸೊನ್ನೆಯಿಂದಲೇ ಶುರು. ಸಂತೆಯ ಅಳತೆಯವರೂ ಎಣಿಸುವ ಮೊದಲು ಲಾಭ ಅನ್ನುತ್ತಾರೆ. ಮೂರೂ ಒಂದೇ ಎಂದು ಅವಳಿಗೆ ಕಂಡಿತು. ಕಂಪ್ಯೂಟರ್ ಕಂಡುಹಿಡಿದವರಿಗೂ ಕರಿಮಡ್ಡಿಯ ಸಂತೆಗೂ ಒಂದೇ ಬುದ್ಧಿ ಹೊಳೆದದ್ದು ಅವಳಿಗೆ ಬಹಳ ಹಿಡಿಸಿತು. ಪಟ್ಟಿಯ ನಂಬರನ್ನು ಹಾಗೇ ಪೆಟ್ಟಿಗೆಗೆ ಕಳಿಸುವಂತೆ ಬರೆದಳು. ಖಾಲಿ ಗೂಡು ಕೊನೆಯದು, ನಲವತ್ತೆಂಟನೆಯ ನಂಬರಿನದು ಎಂದುಕೊಂಡಳು. ಪರದೆಯ ಮೊದಲ ಚೌಕದಲ್ಲಿ 'ಮುಗುತಿ' ಎಂಬ ಹೆಸರಿನ ಮೇಲೆ ಸಣ್ಣ ಅಕ್ಷರದಲ್ಲಿ 'ಲಾಭ' ಎಂದೂ ಬರೆದಳು.

ಮೌಲಾಸಾಬ ಅದನ್ನು ಓದಿ ಖುಷಿಯಾದ. "ನಿನ್ನ ಮಶೀನಿಗೆ ಸಂತೀ ಪದ್ಧತಿ ಗೊತ್ತೈತಿ ಬಿಡವಾ."

"ಅದಕ್ಕ ಮೊದಲಿಂದ್ಲೂ ಗೊತ್ತಿತ್ತಂತ ಕಾಕಾ."

ಇಬ್ಬರೂ ನಕ್ಕರು. ಡಾಕ್ಟರು ಪರೀಕ್ಷೆ ಮಾಡಿಸಿದರು. ಚೌಕಗಳನ್ನು ಒಂದೊಂದಾಗಿ ಒತ್ತಿ, ಬಾಗಿಲಿಗೆ ಕಿವಿಯಿಟ್ಟು ಕವಾಟದ ಸದ್ದು ಎಣಿಸಿದರು. ನಲವತ್ತೆಂಟು ಟಕ್. ಸರಿಯಿತ್ತು.

ಆಗಸ್ಟ್ ಇಪ್ಪತ್ತೈದಕ್ಕೆ ಹಬೆ ಬಿಟ್ಟರು. ಪರದೆಯ ಮೇಲೆ ಎಂಟು ಸಾಲು, ಸಾಲಿಗೆ ಆರು ಚೌಕ. ಪ್ರತಿ ಚೌಕದಲ್ಲಿ ತಳಿಯ ಹೆಸರು, ಉಸಿರಿನ ಗೆರೆ, 'ತೇವ', 'ತಡೆ' ಎಂಬ ಎರಡು ಬಟನ್. ಮೊದಲ ದಿನ ಎಲ್ಲ ಗೆರೆಗಳೂ ನೆಲ ಹಿಡಿದು ಮಲಗಿದ್ದವು. ಎರಡನೆಯ ದಿನ ಹನ್ನೊಂದು ಗಂಟೆಗೆ ಒಂದು ಗೆರೆ ಕೂದಲೆಳೆಯಷ್ಟು ಮೇಲೆದ್ದಿತು.

"ಎದ್ದಿತು! ಮೇಡಮ್, ಅಳ್ಳಿನ ಜೋಳ ಎದ್ದಿತು!"

ಮೂವತ್ತೈದು ವರ್ಷ ಬಾಟಲಿಯಲ್ಲಿದ್ದ ಕಾಳು ಉಸಿರಾಡುತ್ತಿತ್ತು. ಮೌಲಾಸಾಬ ಪರದೆಯ ಹತ್ತಿರ ಮೂಗು ತಂದು ನೋಡಿದ. ಸಂಜೆಯ ಹೊತ್ತಿಗೆ ಇಪ್ಪತ್ತು ಗೆರೆ ಎದ್ದವು, ಮರುದಿನಕ್ಕೆ ನಲವತ್ತು. ಮುಗುತಿ ಮಾತ್ರ ಏಳಲಿಲ್ಲ. ಮಿತಿಯಷ್ಟು ಹಬೆ ಕೊಟ್ಟರೂ ಅದರ ಗೆರೆ ನೆಲ ಬಿಡಲಿಲ್ಲ.

"ಹೋತು ಕಾಣಸ್ತೈತಿ ಕಾಕಾ" ಎಂದರು ಡಾಕ್ಟರು.

"ಮುಗುತಿ ಹೋಗೂದಿಲ್ರಿ. ಅದು ಮೊಂಡ ಕಾಳು. ಬಂಡಿಗಾಲ್ಯಾಗ ಸಿಕ್ರೂ ಹುಟ್ಟತೈತಿ."

"ಯಂತ್ರ ಹೇಳಾಕತ್ತೈತಲ್ಲ."

"ಯಂತ್ರಕ್ಕ ಏನ್ ಗೊತ್ತ್ರೀ, ಅದು ಮುಗುತಿ ತಿಂದೈತೇನು?"

ಮುದುಕನ ಹಟ ಎಂದುಕೊಂಡರು. ನಡುವೆ ಬಾಗಿಲು ತೆರೆದು ನೋಡುವಂತಿರಲಿಲ್ಲ. ಬೆಳಕು, ಹೊರಗಾಳಿ ಎರಡೂ ಎಲ್ಲ ಗೂಡುಗಳನ್ನೂ ಕೆಡಿಸುತ್ತಿದ್ದವು. ನಾಲ್ಕನೆಯ ದಿನ ಕೆಲವು ಗೆರೆಗಳು ಸರ್ರನೆ ಏರಿ ಕುಸಿದವು. ಐದನೆಯ ದಿನ ಇನ್ನೂ ಕೆಲವು. ತೆಳು ಸಿಪ್ಪೆ ಎಂದು ಬರೆದುಕೊಂಡ ಕಡೆ ಹಬೆ ಕೊಟ್ಟಷ್ಟೂ ಸಾಲದು ಎಂಬಂತಿತ್ತು; ಗಟ್ಟಿ ಎಂದುಕೊಂಡ ಕಡೆ ಮಿತಿಯ ಅರ್ಧಕ್ಕೇ ಮುಳುಗಿದ ಲಕ್ಷಣ. ಡಾಕ್ಟರು ತಮ್ಮ ಮಿತಿಗಳನ್ನು ಅನುಮಾನಿಸಿದರು. ಮೌಲಾಸಾಬ ತನ್ನ ಹಲ್ಲನ್ನು ಅನುಮಾನಿಸಿದ. ದಾನಮ್ಮ ಪ್ರೋಗ್ರಾಮಿನ ಸಾಲು ಸಾಲು ಓದಿದಳು. ತಪ್ಪು ಕಾಣಲಿಲ್ಲ, ಯಾಕೆಂದರೆ ಅವಳು ಅಂದುಕೊಂಡದ್ದನ್ನೇ ಬರೆದಿದ್ದಳು.

ಏಳನೆಯ ದಿನ ಬೆಳಿಗ್ಗೆ ಖಾನಾವಳಿಗೆ ಹಳ್ಳಿಯಿಂದ ಒಂದು ಚೀಲ ಬಿಡಿ ಮೆಕ್ಕೆಜೋಳ ಬಂತು. ಚಹಾಕ್ಕೆ ಬಂದಿದ್ದ ಮೌಲಾಸಾಬನನ್ನು ಗಂಗವ್ವ ಹಿಡಿದುಕೊಂಡಳು.

"ಅಣ್ಣಾರ, ಅಟ್ಟದ ಮ್ಯಾಲ ನಮ್ಮತ್ತಿ ಸೇರ ಐತಿ. ಐದ ಸೇರ ಅಳದ ಕೊಡ್ರಿ, ಬೀಸಾಕ ಕಳಸಬೇಕು. ನಿಮ್ಮ ಕೈ ಮರತೈತೇನೋ ನೋಡೂಣು."

"ಮರೀತೈತಿ ಅಂದ್ರೇನಬೆ? ಉಣ್ಣೂದ ಮರತೇನು, ಇದನ್ನ ಮರೀಯೂದಿಲ್ಲ."

ದಾನಮ್ಮ ಮೊರ ಹಿಡಿದು ಎದುರು ಕೂತಳು. ಮೌಲಾಸಾಬ ಸೇರನ್ನು ಕಾಳಿನೊಳಗೆ ಹೊರಳಿಸಿ ಎತ್ತಿದ. ತಲೆಯ ಮೇಲೆ ಶಿಖರ ನಿಂತಿತ್ತು. ಸುರಿಯುತ್ತ ರಾಗವಾಗಿ, "ಲಾಭ" ಎಂದ. ಎರಡನೆಯ ಸಲ ಎತ್ತಿ ಸುರಿದು, "ಎರಡೂ" ಎಂದ.

ದಾನಮ್ಮ ತಲೆಯೆತ್ತಿದಳು. "ಒಂದ ಎಲ್ಲಿ ಹೋತ್ರಿ ಕಾಕಾ?"

"ಯಾವ ಒಂದು?"

"ಲಾಭ ಅಂದ್ರಿ, ಎರಡ ಅಂದ್ರಿ. ನಡುವ ಒಂದು?"

"ಲಾಭನ ಒಂದು. ಮೊದಲನೇ ಸೇರಿಗೆ ಒಂದು ಅನಬಾರದು, ಒಂಟಿ ಅಂಕಿ. ಲಾಭ ಅನಬೇಕು. ಯಾಕ ತಂಗಿ, ಮುಖಾ ಹಿಂಗ್ಯಾಕಾತು?"

"ಗೂಡು ತುಂಬೂವಾಗ... ಲಾಭದ ಹಿಂದ ಒಂದ ಗೂಡು ಇತ್ತೇನ್ರಿ?"

"ಇತ್ತಲ್ಲ. ಬಾಗಲ ಕಡೀದು. ಅದು ಬರೇ ಗಾಳಿ ಅಳಿಯಾಕಂತ, ಖಾಲಿ ಬಿಡ್ರಿ ಅಂತ ಮಶೀನ್ ಕುಂಡ್ರಿಸಿದವ ಹೇಳಿದ್ದ. ಬಿಟ್ಟಿನಿ. ನೀ ಕೇಳ್ಲಿಲ್ಲಲ್ಲ."

ಮೊರವನ್ನು ಅಲ್ಲೇ ಬಿಟ್ಟು ಅವಳು ಓಡಿದಳು.

ತಿದ್ದಬೇಕಾದದ್ದು ಎರಡು ಕಡೆ. ಹಬೆ ಕಳಿಸುವಲ್ಲಿ ಒಂದು ಕೂಡಿಸು. ಉಸಿರು ಓದುವಲ್ಲಿ ಒಂದು ಕೂಡಿಸು. ಅರ್ಧ ನಿಮಿಷದ ಕೆಲಸ. ಓಡಿಸಿದಳು. ಪರದೆಯ ಮೇಲಿನ ಗೆರೆಗಳೆಲ್ಲ ಒಂದೊಂದು ಚೌಕ ಹಿಂದಕ್ಕೆ ಸರಿದವು. ಮುಗುತಿಯ ಚೌಕದಲ್ಲಿ ಗೆರೆ ಎದ್ದು ನಿಂತಿತು. ಆರು ದಿನದಿಂದ ಅದು ಅಳ್ಳಿನ ಜೋಳದ ಹೆಸರಿನಲ್ಲಿ ಉಸಿರಾಡುತ್ತಿತ್ತು. ಖಾಲಿ ಗೂಡಿಗೆ ಮುಗುತಿಯ ಹಬೆ ಹೋಗಿತ್ತು. ಪ್ರತಿ ತಳಿಗೂ ಅದರ ಮುಂದಿನ ತಳಿಯ ಪಾಲು ಸಿಕ್ಕಿತ್ತು. ಅಕ್ಕಪಕ್ಕದವು ಒಂದೇ ಬಗೆಯ ಸಿಪ್ಪೆಯವಾಗಿದ್ದಲ್ಲಿ ಏನೂ ಆಗಿರಲಿಲ್ಲ. ತೆಳು ಸಿಪ್ಪೆಯ ಮುಂದೆ ಗಟ್ಟಿ ಸಿಪ್ಪೆ ಇದ್ದಲ್ಲಿ ತೆಳುವಿನದು ಮುಳುಗಿತ್ತು. ಗಟ್ಟಿಯ ಮುಂದೆ ತೆಳು ಇದ್ದಲ್ಲಿ ಕೆಲವು ಹಬೆ ಸಾಲದೆ ಅರ್ಧಕ್ಕೇ ನಿಂತಿದ್ದವು.

ಡಾಕ್ಟರು ಹಿಂದೆ ನಿಂತು ನೋಡಿದರು. ಬೈಯಲಿಲ್ಲ. "ಕೊನೀದಕ್ಕ ಹಬಿ ಹೋಗೇ ಇಲ್ಲಲ್ಲ?"

"ಇಲ್ರಿ."

"ಅದನ್ನ ಒಣಾ ಇರಾಕ ಬಿಡು. ಇವು ಮುಗಿದ ಮ್ಯಾಲ ಬ್ಯಾರೆ ಎಬ್ಬಿಸೂಣು. ಉಳಿದದ್ದಕ್ಕ ಈಗಿಂದ ಕೂಡೂಣು. ವರದಿ ಒಳಗ ಪ್ರೋಗ್ರಾಮಿನ ದೋಷ ಅಂತ ಬರೀತೀನಿ."

"ಪ್ರೋಗ್ರಾಮಿಗೆ ದೋಷ ಇದ್ದಿಲ್ರಿ ಮೇಡಮ್. ನಾ ಹೇಳಿದ್ದನ್ನ ಅದು ಮಾಡೈತಿ. ನನ್ನ ಹೆಸರ ಬರೀರಿ."

ಡಾಕ್ಟರು ಹಾಗೇ ಬರೆದರು.

ಮೌಲಾಸಾಬ ಮಧ್ಯಾಹ್ನ ಬಂದ. ದಾನಮ್ಮ ಎಲ್ಲವನ್ನೂ ಹೇಳಿದಳು. ಯಾವ ಯಾವ ಗೆರೆ ಸತ್ತಿದೆ ಎಂದು ಚೌಕ ಚೌಕವಾಗಿ ತೋರಿಸಿದಳು. ಆತ ಸತ್ತ ಗೆರೆಗಳ ಹೆಸರನ್ನು ಒಂದೊಂದಾಗಿ ಓದಿದ.

"ಖಾಲಿ ಗೂಡು ಐತಿ ಅಂತ ನಾನರ ಹೇಳಬೇಕಿತ್ತು" ಎಂದ.

"ನಾ ಕೇಳಬೇಕಿತ್ತು."

"ಹೂಂ. ನೀ ಕೇಳಬೇಕಿತ್ತು" ಎಂದ ಮೌಲಾಸಾಬ. ಸ್ಟೂಲು ಎಳೆದುಕೊಂಡು ಕೂತ. "ಈಗ ಮುಗುತಿಗೆ ಎಷ್ಟ ಕೊಡಾಕತ್ತೀ? ಇನ್ನೊಂದ ಸ್ವಲ್ಪ ಕೊಡು. ಅದು ಕುಡೀತೈತಿ."

ಉಳಿದ ದಿನಗಳಲ್ಲಿ ಅವಳು ಕಿಟಕಿಗೆ ಒಂದೇ ಒಂದು ಹೊಸದನ್ನು ಸೇರಿಸಿದಳು. ಯಾವ ಚೌಕ ಒತ್ತಿದರೂ, ಹಬೆ ಹೋಗುವ ಮೊದಲು ಗೂಡು ಬಾಗಿಲ ಕಡೆಯಿಂದ ಎಷ್ಟನೆಯದು ಎಂದು ದೊಡ್ಡ ಅಕ್ಷರದಲ್ಲಿ ಕೇಳುತ್ತಿತ್ತು. ಹೌದು ಎಂದು ಒತ್ತಿದರೆ ಮಾತ್ರ ಮುಂದಿನ ಕೆಲಸ. ಮೌಲಾಸಾಬನಿಗೆ ಇದು ಕಿರಿಕಿರಿಯಾಯಿತು. ಆದರೂ ಪ್ರತಿ ಸಲ ಓದಿಯೇ ಒತ್ತಿದ.

ಸೆಪ್ಟೆಂಬರ್ ಹನ್ನೆರಡಕ್ಕೆ ಬಾಗಿಲು ತೆರೆದರು. ಹಸಿ ಮೊಳಕೆಯ ವಾಸನೆಯೂ ಕೊಳೆತದ್ದರ ವಾಸನೆಯೂ ಒಟ್ಟಿಗೇ ಬಂದವು. ಮೌಲಾಸಾಬ ಮುಂದೆ, ದಾನಮ್ಮ ಪಟ್ಟಿ ಹಿಡಿದು ಹಿಂದೆ. ಆತ ಗೂಡು ಎಳೆದು ನೋಡಿ ಹೆಸರು ಹೇಳುತ್ತಿದ್ದ, ಅವಳು ಬರೆಯುತ್ತಿದ್ದಳು.

ಮುಗುತಿ ಸೇರಿ ಮೂವತ್ತು ತಳಿ ಮೊಳೆತಿದ್ದವು. ಕೊನೆಯದು ಹಬೆ ತಾಗದೆ ಒಣದಾಗಿಯೇ ಇತ್ತು. ಅಳ್ಳಿನ ಜೋಳ, ಸೀತನಿ, ಇನ್ನೂ ಹದಿನೈದು ಹೋಗಿದ್ದವು. ಹೋದದ್ದು ಒಟ್ಟು ಹದಿನೇಳು ತಳಿ, ಮೂರು ಸಾವಿರದ ನಾನೂರು ಕಾಳು.